ಸಾರೆಯಲ್ಲಿ ಹೋದ ಮದ್ದು

ಪುಲಸ ಮೀನಿನ ತತ್ತಿ ಯಾರ ತಟ್ಟೆಗೆ ಬೀಳುತ್ತದೋ ಅವರೇ ಆ ಮನೆಗೆ ದೊಡ್ಡವರು. ಇದನ್ನು ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ, ಹೇಳಬೇಕಾದ್ದೂ ಇರಲಿಲ್ಲ. ಮದುವೆಯಾಗಿ ಬಂದ ವರ್ಷದಿಂದಲೂ ಆ ತತ್ತಿ ಹಿರೀ ಸೊಸೆ ಮಂಗತಾಯಾರುವಿನ ತಟ್ಟೆಗೇ ಬೀಳುತ್ತಿತ್ತು. ಗಂಡ ಪೆದ್ದಿರಾಜು ಸಿಗಡಿ ಹೊಂಡದ ದಂಡೆಯ ಮೇಲೆ ನಿಂತರೆ ಹುಲಿ. ಊಟಕ್ಕೆ ಕೂತಾಗ ಮಾತ್ರ ಬಾಲದ ತುಂಡು ತಿಂದು ಸುಮ್ಮನೆ ಏಳುತ್ತಿದ್ದ.

ಆ ಆಷಾಢದಲ್ಲಿ ಗೋದಾವರಿ ಕೆಂಪಾಗಿ ಹರಿದು, ಮೊದಲ ಪುಲಸ ಭೀಮವರಕ್ಕೆ ಬಂತು. ಪೆದ್ದಿರಾಜು ಅದಕ್ಕೆ ಸುರಿದ ದುಡ್ಡಿಗೆ ಕರು ಸಮೇತ ಎಮ್ಮೆ ಬರುತ್ತಿತ್ತು. ಮಂಗತಾಯಾರು ಮಣ್ಣಿನ ಗಡಿಗೆಯಲ್ಲಿ, ಸೌದೆಯ ಸಣ್ಣ ಉರಿಯಲ್ಲಿ, ಬೆಂಡೆಕಾಯಿ ಹಾಕಿ ಹುಳಿ ಕಾಯಿಸಿ, ರಾತ್ರಿಯೆಲ್ಲ ಮುಟ್ಟದೆ ಇಟ್ಟಳು. ಪುಲಸದ ಹುಳಿಗೆ ರುಚಿ ಬರುವುದು ಮರುದಿನವೇ. ಮುಚ್ಚಳ ತೆಗೆದ ಕೂಡಲೇ ಘಮ ಎದ್ದು ನಾಲ್ಕು ಊರು ದಾಟಿತು. ಸತ್ತವರೂ ಒಂದು ಸಲ ಎದ್ದು ಕೂತು ಮೂಗೆಳೆದುಕೊಂಡಿರಬೇಕು. ಪಕ್ಕದ ಮನೆಯ ಆದಿಲಕ್ಷ್ಮಿಯಂತೂ ಬದುಕೇ ಇದ್ದವಳು, ಖಾಲಿ ಬಟ್ಟಲು ಹಿಡಿದು ಆಗಲೇ ಹಿತ್ತಿಲ ಬಾಗಿಲಲ್ಲಿ ನಿಂತಿದ್ದಳು.

ಬಡಿಸುವವಳು ಅತ್ತೆ ಅಚ್ಚಿಯಮ್ಮ. ಹಲ್ಲು ಒಂದೂ ಉಳಿದಿರಲಿಲ್ಲ, ಸೌಟು ಮಾತ್ರ ಬಿಟ್ಟಿರಲಿಲ್ಲ. ಅವಳು ಗಡಿಗೆಯಿಂದ ತತ್ತಿ ಎತ್ತಿದಳು. ಮಂಗತಾಯಾರು ತಟ್ಟೆಯನ್ನು ಬೆರಳಿನಷ್ಟು ಮುಂದೆ ಸರಿಸಿದಳು. ಸೌಟು ಆ ತಟ್ಟೆಯ ಮೇಲಿಂದ ಹಾರಿಹೋಗಿ, ಪಕ್ಕದಲ್ಲಿ ಕೂತ ಕಿರೀ ಸೊಸೆ ಹಿಮಬಿಂದುವಿನ ತಟ್ಟೆಯಲ್ಲಿ ಇಳಿಯಿತು.

"ತಿನ್ನೇ ತಾಯಿ. ಹೋದ ವರ್ಷ ಊರಿನ ಸಿಗಡಿಯೆಲ್ಲ ಹೊಟ್ಟೆ ಮೇಲಾಗಿ ತೇಲಿದಾಗ ನಮ್ಮನೆ ಹೊಂಡ ಉಳಿಸಿದವಳು ನೀನು. ನಿನ್ನ ಹೆಸರು ಸರ್ಕಾರದ ಕಾಗದದಲ್ಲಿ ಬರುತ್ತಂತಲ್ಲ!"

ಮಂಗತಾಯಾರು ಬರೀ ಅನ್ನ ಕಲಸಿದಳು. ಅವಳ ಹೊಟ್ಟೆಯೊಳಗೆ ಎದ್ದ ಉರಿಗೆ ಇನ್ನೊಂದು ಗಡಿಗೆ ಹುಳಿ ಕಾಯಿಸಬಹುದಿತ್ತು.

ಹಿಮಬಿಂದು ವಿಶಾಖಪಟ್ಟಣದಲ್ಲಿ ಸೂಕ್ಷ್ಮಜೀವಿಗಳ ಓದು ಓದಿ ಬಂದವಳು. ಪೆದ್ದಿರಾಜುವಿನ ತಮ್ಮ ಸತ್ತಿರಾಜುವನ್ನು ಮದುವೆಯಾಗಿ ಬಂದ ಹೊಸದರಲ್ಲೇ ಹಳೇ ದನದ ಕೊಟ್ಟಿಗೆಗೆ ಸುಣ್ಣ ಬಳಿಸಿ, ಗಾಜಿನ ಶೀಶೆ ಜೋಡಿಸಿ, ಸಮುದ್ರದ ಅಳಿವೆಯಿಂದ ಕೆಸರು ತಂದು ಅದೇನೋ ಬೆಳೆಸತೊಡಗಿದ್ದಳು. ಸಿಗಡಿಯನ್ನು ಕೊಲ್ಲುವ ಹುಳವನ್ನು ಈ ಹುಳ ತಿನ್ನುತ್ತದಂತೆ. ಹೊಂಡಕ್ಕೆ ಸುರಿದರು, ಸಿಗಡಿ ಬದುಕಿತು. ಈಗ ಹೈದರಾಬಾದಿನ ವಕೀಲೆ ವಿಶಾಲಾಕ್ಷಿ ಪೇಟೆಂಟಿನ ಅರ್ಜಿ ಬರೆಯುತ್ತಿದ್ದಳು. ಅದು ಬಂದರೆ ಮದ್ದು ಮಾಡುವ ಹಕ್ಕು ಕೊಳ್ಳುತ್ತೇವೆಂದು ಸಿಗಡಿ ಮೇವಿನ ಕಂಪನಿಯೊಂದು ಬಾಗಿಲು ಕಾಯುತ್ತಿತ್ತು.

"ಅಲ್ಲಾ ಹಿಮಾ," ಎಂದಳು ಮಂಗತಾಯಾರು, "ಕೆಸರಲ್ಲಿದ್ದ ಹುಳಕ್ಕೆ ನಿನ್ನ ಹೆಸರು ಯಾಕೆ? ಹುಳನ ನೀನು ಹೆತ್ತಿದ್ದಾ?"

"ಹುಳಕ್ಕೆ ಯಾರ ಹೆಸರೂ ಬರಲ್ಲ ಅಕ್ಕಾ. ಕೆಸರಲ್ಲಿ ತಾನಾಗಿ ಇರೋದನ್ನ ಕಾನೂನು ಯಾರಿಗೂ ಬರ್ಕೊಡಲ್ಲ. ಅದಕ್ಕೆ ಇನ್ನೆರಡು ಕೂಡಿಸಿ ಮದ್ದು ಮಾಡಿದ್ದೀನಲ್ಲ, ಆ ಮದ್ದಿಗೆ ಕೇಳ್ತೀವಿ. ಆಮೇಲೆ ಅದನ್ನ ಮಾಡೋ ರೀತಿಗೆ ಕೇಳ್ತೀವಿ."

"ಓಹೋ. ಉಪ್ಪು ಹುಳಿ ಖಾರ ನನ್ನದಲ್ಲ, ಸಾರು ಮಾತ್ರ ನನ್ನದು."

"ಹೂಂ, ಅದೇ!"

"ಹಾಗಾದ್ರೆ ನನ್ನ ಸಾರಿಗೆ ಇಷ್ಟು ವರ್ಷ ಯಾಕೆ ಯಾರೂ ಕಾಗದ ಮಾಡಿಸ್ಲಿಲ್ಲ?"

ಸತ್ತಿರಾಜು ನಕ್ಕ. "ಅತ್ತಿಗೇ, ನೀವು ಬೀದಿಗೆಲ್ಲ ಹಂಚಿಬಿಟ್ಟಿದ್ದೀರಲ್ಲ. ಊರೆಲ್ಲ ಉಂಡಿದ್ದಕ್ಕೆ ಪೇಟೆಂಟ್ ಕೊಡಲ್ಲ. ಹೊಸದಾಗಿರಬೇಕು."

"ಅದಕ್ಕೇ ಎಲ್ಲರಿಗೂ ಹೇಳ್ತಿದ್ದೀನಿ," ಎಂದಳು ಹಿಮಬಿಂದು, "ಅರ್ಜಿ ಹಾಕೋ ತನಕ ಮದ್ದು ಮನೆ ದಾಟಬಾರದು. ಹೊರಗಿನವರಿಗೆ ಒಂದು ಬಾಟ್ಲಿ ಹೋದ್ರೂ ಅದು ಹೊಸದಲ್ಲ ಅಂತಾರೆ. ಹುಳನ ಚಂಡೀಗಢದಲ್ಲಿ ಇಂಥ ಹುಳ ಕಾದಿಡೋ ಸರ್ಕಾರಿ ಕಣಜಕ್ಕೆ ಠೇವಣಿ ಕಳಿಸಿದೀವಿ, ಅಲ್ಲಿಂದ ನಂಬರು ಬಂದ ತಕ್ಷಣ ಅರ್ಜಿ."

"ಠೇವಣಿಯಾ? ಬಡ್ಡಿ ಎಷ್ಟು ಕೊಡ್ತಾರೆ?" ಎಂದಳು ಅಚ್ಚಿಯಮ್ಮ.

"ಹುಳ ಇಟ್ರೆ ಬಡ್ಡಿನೂ ಹುಳವೇ ಅಮ್ಮಾ," ಎಂದ ಸತ್ತಿರಾಜು.

ಎಲ್ಲರೂ ನಕ್ಕರು. ಮಂಗತಾಯಾರು ಹೋಗಿ ಆದಿಲಕ್ಷ್ಮಿಯ ಬಟ್ಟಲಿಗೆ ಹುಳಿ ಬಗ್ಗಿಸಿದಳು. ಬರೀ ಹುಳಿ, ಒಂದು ತುಂಡೂ ಇಲ್ಲ.

ಅಂದಿನಿಂದ ಅವಳ ಕಣ್ಣು ಎಲ್ಲವನ್ನೂ ಅಳೆಯತೊಡಗಿತು. ಬೆಳಗಿನ ಕಾಫಿಯನ್ನು ಅತ್ತೆ ತಾನೇ ಹೊತ್ತು ಕೊಟ್ಟಿಗೆಗೆ ಕೊಂಡೊಯ್ಯುತ್ತಿದ್ದಳು. ಮಂಗತಾಯಾರು ಜ್ವರದಲ್ಲಿ ಮಲಗಿದಾಗಲೂ ಈ ಅತ್ತೆ ಒಂದು ಲೋಟ ನೀರು ಎತ್ತಿದವಳಲ್ಲ. ಉಗ್ರಾಣದ ಕೀಲಿ ಇದ್ದದ್ದು ಮಂಗತಾಯಾರುವಿನ ಸೊಂಟದಲ್ಲೇ. ಆದರೂ ಬೆಲ್ಲ, ತವುಡು ಬುಟ್ಟಿಗಟ್ಟಲೆ ಕೊಟ್ಟಿಗೆಗೆ ಹೋಗುತ್ತಿದ್ದವು.

"ಏನೂಂದ್ರೆ, ಆ ಹುಳ ನಮಗಿಂತ ಜಾಸ್ತಿ ಬೆಲ್ಲ ತಿನ್ನುತ್ತೆ," ಎಂದು ಗಂಡನಿಗೆ ಚುಚ್ಚಿದಳು.

"ತಿನ್ಲಿ ಬಿಡೇ. ಬೆಲ್ಲ ತಿಂದು ಅದು ನಿನ್ನ ಥರ ಬೈಯಲ್ವಲ್ಲ."

ಹಿಮಬಿಂದು ಎಷ್ಟೋ ಸಲ ಕರೆದಿದ್ದಳು. "ಬನ್ನಿ ಅಕ್ಕಾ, ಹೇಗೆ ಮಾಡ್ತೀನಿ ನೋಡಿ. ನಿಮಗೆ ಎರಡೇ ದಿನದಲ್ಲಿ ಬರುತ್ತೆ."

"ನನಗೆ ಅಡುಗೆಮನೆ ಹೊಗೆಯೇ ಸಾಕಮ್ಮ," ಎಂದು ಮಂಗತಾಯಾರು ಪ್ರತಿಸಲವೂ ಮುಖ ತಿರುಗಿಸುತ್ತಿದ್ದಳು. ಕಲಿಯಲು ಹೋದರೆ ಓರಗಿತ್ತಿಯ ಕೆಳಗೆ ಕೂತ ಹಾಗೆ ಅಲ್ಲವೇ? ಹಿತ್ತಿಲಿಗೆ ಹೋಗುವಾಗಲೂ ಕೊಟ್ಟಿಗೆಯ ಕಡೆ ನೋಡಿದರೆ ಕಣ್ಣು ಕುರುಡಾಗುತ್ತದೆ ಎನ್ನುವ ಹಾಗೆ ಸೆರಗು ಅಡ್ಡ ಹಿಡಿದು ನಡೆಯುತ್ತಿದ್ದಳು.

ಮಗಳು ಪದ್ಮಿನಿಗೆ ಬೇಸಿಗೆಯಲ್ಲಿ ಮದುವೆಯಾಗಿತ್ತು. ಆಷಾಢಕ್ಕೆ ತವರಿಗೆ ಬಂದಿದ್ದಳು. ತಲೆ ಬಾಚಿಸಿಕೊಳ್ಳುತ್ತ ಒಂದು ಮಧ್ಯಾಹ್ನ ಅಂದಳು:

"ಅಮ್ಮಾ, ನಮ್ಮತ್ತೆ ಫೋನಲ್ಲಿ ಚಿಕ್ಕಮ್ಮನ್ನೇ ಕೇಳ್ತಿದ್ರು. ಪಟ್ಟಣದಲ್ಲಿ ಓದಿದವಳಂತೆ, ಒಂದ್ಸಲ ಕರ್ಕೊಂಡು ಬಾ ಅಂತ."

"ನನ್ನನ್ನ ಕೇಳ್ಲಿಲ್ವಾ?"

"ಕೇಳಿದ್ರಲ್ಲ. ಸಾರೆಯಲ್ಲಿ ಏನೇನು ಕಳಿಸ್ತಾರೆ ಅಂತ."

ಬಾಚಣಿಗೆ ಹುಡುಗಿಯ ನೆತ್ತಿಗೆ ಚುಚ್ಚಿ, ಅವಳು ಅಯ್ಯೋ ಎಂದಳು.

ಶ್ರಾವಣ ಬಂತು. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಸಾರೆ ಹೋಗಬೇಕು. ಸಾರೆಯೆಂದರೆ ಬೀಗರ ಮನೆಗೆ ಮಾತ್ರ ಅಲ್ಲ, ಅವರೂರಿನ ಪ್ರತಿ ಬಾಗಿಲಿಗೂ ಹಂಚುವಷ್ಟು ಸಿಹಿ. ಒಂದು ಬಾಗಿಲು ತಪ್ಪಿದರೂ ಮೂರು ತಲೆಮಾರು ಆಡಿಕೊಳ್ಳುತ್ತದೆ. ಮಂಗತಾಯಾರು ಕರಿಸಿದ ಕಾಜಾ ರಾಶಿ ಹಾಕಿದ್ದರೆ ಅದರ ಮೇಲೆ ನಿಂತು ಸಮುದ್ರ ನೋಡಬಹುದಿತ್ತು. ಪೂತರೇಕು, ಅರಿಸೇಲು, ಸುನ್ನುಂಡೆ, ಬಾಳೆಗೊನೆ ಎಲ್ಲ ವ್ಯಾನಿಗೆ ತುಂಬಿದವು. ಆದರೂ ಅವಳಿಗೆ ಸಮಾಧಾನವಿಲ್ಲ. ಕಾಜಾ ಯಾರು ಕೊಡುವುದಿಲ್ಲ? ಬೀಗರ ಊರಲ್ಲಿ ಮನೆಗೊಂದು ಸಿಗಡಿ ಹೊಂಡ. ಅಲ್ಲಿಯವರು ಬಾಯಿ ತೆರೆದು ನೋಡುವಂಥದು ಏನಿದೆ?

ಹಿಮಬಿಂದು ಮತ್ತು ಸತ್ತಿರಾಜು ವಕೀಲೆಯನ್ನು ನೋಡಲು ಹೈದರಾಬಾದಿಗೆ ಹೋಗಿದ್ದರು. ಕೊಟ್ಟಿಗೆಗೆ ಬೀಗ. ಆದರೆ ಮನೆಯ ಹೊಂಡಗಳಿಗೆ ಹಾಕಲು ತುಂಬಿಸಿದ ಮದ್ದಿನ ಕ್ಯಾನುಗಳು ಪಂಪಿನ ಕೋಣೆಯಲ್ಲಿ ಸಾಲಾಗಿ ಕೂತಿದ್ದವು. ಮಂಗತಾಯಾರು ಬಾಟಲಿಗಳಿಗೆ ಬಗ್ಗಿಸಿ, ಮುಚ್ಚಳಕ್ಕೆ ಅರಿಶಿನ ಕುಂಕುಮ ಹಚ್ಚಿ, ಕಾಜಾ ಡಬ್ಬಿಗೊಂದರಂತೆ ಕೂರಿಸಿದಳು.

ಪದ್ಮಿನಿ ಹೌಹಾರಿದಳು. "ಅಮ್ಮಾ! ಹೊರಗಿನವರಿಗೆ ಕೊಡಬೇಡಿ ಅಂತ ಚಿಕ್ಕಮ್ಮ ಹೇಳಿದ್ರಲ್ಲ?"

"ಹೊರಗಿನವರಿಗೆ ಬೇಡ ಅಂದಳು. ನಿನ್ನ ಗಂಡನ ಮನೆ ಹೊರಗಿನದಾ? ಸಾರೆನ ಯಾರಾದ್ರೂ ಹೊರಗಿನವರಿಗೆ ಕಳಿಸ್ತಾರಾ?"

ಅಚ್ಚಿಯಮ್ಮನಿಗೂ ಅದು ಸರಿಯೆಂದೇ ಕಂಡಿತು. ಬೀಗರು ಹೊರಗಿನವರಾದರೆ ಒಳಗಿನವರು ಯಾರು?

ಬೀಗರ ಊರಲ್ಲಿ ಆ ದಿನ ಮಂಗತಾಯಾರುವಿಗೆ ನಡೆದ ಮರ್ಯಾದೆ ಮಂತ್ರಿಗೂ ನಡೆದಿರಲಿಕ್ಕಿಲ್ಲ. ಬಾಗಿಲಿಗೊಂದು ಡಬ್ಬಿ, ಡಬ್ಬಿಗೊಂದು ಬಾಟಲಿ. ಹೆಂಗಸರು ಕಾಜಾ ಬಿಟ್ಟು ಬಾಟಲಿಯನ್ನೇ ತಿರುಗಿಸಿ ನೋಡಿದರು. ಬೀಗಿತ್ತಿ ಸತ್ಯವತಿ ತನ್ನ ಉಯ್ಯಾಲೆಯಲ್ಲೇ ಜಾಗ ಕೊಟ್ಟು ಕೇಳಿದಳು:

"ಇದನ್ನ ಮಾಡೋರು ಯಾರು ಅಕ್ಕಯ್ಯಾ?"

"ಇನ್ಯಾರು? ಈ ಕೈಯೇ."

"ಅಬ್ಬಬ್ಬಾ! ಹೇಗೆ ಮಾಡ್ತೀರಿ?"

ಮಂಗತಾಯಾರು ಉಯ್ಯಾಲೆಯ ಸರಪಳಿ ಹಿಡಿದುಕೊಂಡಳು. ಆಮೇಲೆ ಕಣ್ಣು ಚಿಕ್ಕದು ಮಾಡಿ, "ಅದು ಮನೆ ಗುಟ್ಟು. ಬೀಗಿತ್ತಿಗೂ ಹೇಳೋ ಹಾಗಿಲ್ಲ," ಎಂದಳು. ಉಯ್ಯಾಲೆ ತೂಗಿತು. ಅವಳು ಭೂಮಿಯಿಂದ ಒಂದು ಮಾರು ಮೇಲೆಯೇ ಮನೆಗೆ ಬಂದಳು.

ವಾರಗಳು ಕಳೆದವು. ಶ್ರಾವಣ ಮುಗಿದ ಮರುದಿನ ಚಂಡೀಗಢದ ನಂಬರು ಬಂತು. ನಾಳೆ ಅರ್ಜಿ ಎಂದು ಹಿಮಬಿಂದು ಕುಣಿಯುವುದೊಂದು ಬಾಕಿ. ಎಲ್ಲರೂ ಊಟಕ್ಕೆ ಕೂತಾಗ ಪೆದ್ದಿರಾಜುವಿನ ಫೋನಿಗೆ ಬೀಗರ ವಿಡಿಯೋ ಬಂತು. ಅವನು ಜೋರಾಗಿ ಹಾಕಿ ನಡುವೆ ಇಟ್ಟ.

ಬೀಗರು ಹೊಂಡದ ದಂಡೆಯ ಮೇಲೆ ನಿಂತು, ಅಂಗೈ ಉದ್ದದ ಸಿಗಡಿ ಎತ್ತಿ ಹಿಡಿದಿದ್ದರು. "ನೋಡ್ರಪ್ಪಾ! ನಮ್ಮ ಬೀಗಿತ್ತಿ ಮಂಗತಾಯಾರಮ್ಮ ತಮ್ಮ ಕೈಯಾರೆ ಮಾಡಿ ಸಾರೆಯಲ್ಲಿ ಕೊಟ್ಟ ಮದ್ದು! ಊರೆಲ್ಲ ಹಾಕಿದ್ದೀವಿ. ಒಂದೂ ಸತ್ತಿಲ್ಲ!"

ಹಿಮಬಿಂದು ಕೈಯ ತುತ್ತನ್ನು ತಟ್ಟೆಗೆ ಬಿಟ್ಟು ತಿರುಗಿದಳು.

"ಅಕ್ಕಾ, ಎಷ್ಟು ಮನೆಗೆ ಕೊಟ್ರಿ?"

"ಸಾರೆ ಅಂದ್ಮೇಲೆ ಎಲ್ಲ ಮನೆಗೂ. ಒಂದು ಮನೆ ಬಿಟ್ರೆ ಜಗಳ ಅಲ್ವಾ?"

"ನಾನು ಹೇಳಿದ್ದೆ. ಇಲ್ಲೇ ಕೂತು ಹೇಳಿದ್ದೆ."

"ನೀನು ನಿನ್ನ ತವರಿಗೆ ಹತ್ತು ಕ್ಯಾನು ಕಳಿಸಿದ್ರೂ ನಾನು ಕೇಳ್ತಿರಲಿಲ್ಲಮ್ಮ!"

"ಕಳಿಸ್ಲಿಲ್ಲ! ನಮ್ಮಪ್ಪನ ಹೊಂಡ ಪೂರ್ತಿ ಸತ್ತು ಹೋಯ್ತು ಈ ಆಷಾಢದಲ್ಲಿ. ಆದ್ರೂ ಒಂದು ಬಾಟ್ಲಿ ಕೊಡ್ಲಿಲ್ಲ ನಾನು." ಹಿಮಬಿಂದು ಎದ್ದು ನಿಂತಳು. ಯಾವತ್ತೂ ಏರದ ದನಿ ಏರಿತು. "ಈ ಮನೆಗೆ ಬಂದಾಗಿಂದ ನೋಡ್ತಿದ್ದೀನಿ. ಹಬ್ಬಕ್ಕೆ ನಾನು ಮಾಡಿದ ಅರಿಸೇಲು ನಾಯಿಗೆ, ನಿಮ್ಮದು ಬೀದಿಗೆ. ಬೀಗರು ಬಂದ್ರೆ ಕೇಳೋದು ನಿಮ್ಮನ್ನ, ಹಾಲಿನವನು ಬಂದ್ರೂ ನಿಮ್ಮನ್ನ. 'ಹಿರೀ ಸೊಸೆ ಕೈರುಚಿ, ಹಿರೀ ಸೊಸೆ ಕೈರುಚಿ' ಅಂತ ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ! ನನ್ನದು ಅಂತ ಇದ್ದಿದ್ದು ಆ ಕೊಟ್ಟಿಗೆ ಒಂದೇ. ಅದಕ್ಕೂ ನಿಮ್ಮ ಹೆಸರು ಇಟ್ರಾ?"

ಮಂಗತಾಯಾರು ತಲೆ ತಗ್ಗಿಸಿದಳು. ಆದರೆ ಅಷ್ಟು ಸಂಕಟದಲ್ಲೂ ಅವಳ ಹೊಟ್ಟೆಯೊಳಗೆ ಏನೋ ತಂಪಾಯಿತು. ತನ್ನನ್ನು ನೋಡಿಯೂ ಒಬ್ಬಳು ಉರಿಯುತ್ತಾಳೆ!

ಸತ್ತಿರಾಜು ವಕೀಲೆಗೆ ಫೋನು ಹಚ್ಚಿ ಎಲ್ಲ ಹೇಳಿದ. ವಿಶಾಲಾಕ್ಷಿ ಕಾಗದ ತಿರುವಿದ ಸದ್ದು ಎಲ್ಲರಿಗೂ ಕೇಳಿತು.

"ಊರೆಲ್ಲ ಬಳಸಿದ ಮೇಲೆ ಮದ್ದಿಗೆ ಹಕ್ಕು ಸಿಗೋದು ಕಷ್ಟ. ಅದನ್ನ ಮರೆತುಬಿಡಿ. ಆದರೆ ಮಾಡೋ ರೀತಿ ಬೇರೆ. ಬೆಲ್ಲ ನೋಡಿದವರಿಗೆ ಗಾಣ ಗೊತ್ತಾಗಲ್ಲವಲ್ಲ. ಹಂಚಿದ ಅಮ್ಮ ಅಲ್ಲಿದ್ದಾರಾ? ಅಮ್ಮಾ, ಇದನ್ನ ಹೇಗೆ ಮಾಡೋದು ಅಂತ ಅಲ್ಲಿ ಯಾರಿಗಾದರೂ ಹೇಳಿದ್ದೀರಾ? ಚೂರೂ ಮುಚ್ಚಿಡಬೇಡಿ."

ಎಲ್ಲರ ಕಣ್ಣೂ ಮಂಗತಾಯಾರುವಿನ ಮೇಲೆ.

"ಇಲ್ಲ," ಎಂದಳು.

"ಖಂಡಿತಾ? ನೀವೇ ಮಾಡಿದ್ದು ಅಂತ ಹೇಳಿದ್ದೀರಂತೆ. ಅವರು ಹೇಗೆ ಅಂತ ಕೇಳಲಿಲ್ವಾ?"

"ಕೇಳಿದ್ರು. ಗುಟ್ಟು ಅಂದೆ."

"ಯಾಕೆ ಹೇಳಲಿಲ್ಲ?"

ಮಂಗತಾಯಾರು ಅನ್ನದ ಅಗುಳು ಒಂದೊಂದಾಗಿ ಹಿಸುಕಿದಳು. "ಗೊತ್ತಿದ್ರೆ ತಾನೇ ಹೇಳೋದು!"

ಅಚ್ಚಿಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುವೋ ಅಳುವೋ ತಿಳಿಯಲಿಲ್ಲ. ಫೋನಿನಲ್ಲಿ ವಕೀಲೆಯ ದನಿಗೆ ಜೀವ ಬಂತು. "ದೇವರು ದೊಡ್ಡವನು! ಅದನ್ನೇ ಪ್ರಮಾಣಪತ್ರದಲ್ಲಿ ಬರೆದು ಸಹಿ ಹಾಕಿ. ನಾಳೆ ಯಾರಾದರೂ ತಕರಾರು ತೆಗೆದ್ರೆ ಬೇಕಾಗುತ್ತೆ, ಕಂಪನಿಯವರೂ ಕೇಳ್ತಾರೆ. ಆ ಊರಿನವರಿಂದಲೂ ಒಂದು ಬೇಕು, ಈ ಅಮ್ಮ ನಮಗೆ ಏನೂ ಹೇಳಿಕೊಟ್ಟಿಲ್ಲ ಅಂತ."

ಮಂಗತಾಯಾರು ಕೈ ತೊಳೆದು ಎದ್ದಳು. "ನಾನು ಹಾಕಲ್ಲ."

ಆ ದಿನವೂ ಹಾಕಲಿಲ್ಲ, ಮರುದಿನವೂ ಇಲ್ಲ. ಅಡುಗೆಮನೆಯ ಪಾತ್ರೆಗಳು ಯುದ್ಧಕ್ಕೆ ಹೊರಟ ಸೈನ್ಯದಂತೆ ಸದ್ದು ಮಾಡಿದವು. ಸಾರಿಗೆ ಉಪ್ಪು ಎರಡು ಸಲ ಬಿತ್ತು. ಪದ್ಮಿನಿ ಫೋನಿನಲ್ಲಿ ಅತ್ತಳು. "ಅಮ್ಮಾ, ಇಲ್ಲಿ ಬೀದಿ ಬೀದಿಗೆ ನಿನ್ನ ಹೆಸರು ಹೇಳ್ತಾರೆ. ನೀನು ಮಾಡಿದ್ದಲ್ಲ ಅಂತ ಈಗ ಹೋಗಿ ಹೇಳಿದ್ರೆ ನಾನು ಯಾವ ಮುಖ ಇಟ್ಕೊಂಡು ಈ ಮನೇಲಿರಲಿ?"

ಪೆದ್ದಿರಾಜು ಬೈದು ನೋಡಿದ. "ಒಂದು ಸಹಿ ಕಣೇ! ಮದ್ದು ಹೋಯ್ತು, ರೀತಿಯಾದ್ರೂ ಉಳೀಲಿ."

"ನಾನು ದಡ್ಡಿ ಅಂತ ನಾನೇ ಬರ್ಕೊಡ್ಬೇಕಾ? ಅವಳ ಹೆಸರಿಗೆ 'ಕಂಡುಹಿಡಿದವಳು' ಅಂತ, ನನ್ನ ಹೆಸರಿಗೆ 'ಗೊತ್ತಿಲ್ಲದವಳು' ಅಂತ! ನೀವು ಬರ್ಕೊಡ್ರಿ ನೋಡೋಣ, 'ನಾನು ಹೆಂಡತಿ ಮಾತು ಕೇಳ್ತೀನಿ' ಅಂತ!"

ಪೆದ್ದಿರಾಜು ಟವೆಲು ಕೊಡವಿ ಹೊಂಡಕ್ಕೆ ಹೋದ.

ಹಿಮಬಿಂದು ಜಗಳಾಡಲಿಲ್ಲ. ಕೊಟ್ಟಿಗೆಗೆ ಹೋಗುವುದನ್ನೇ ಬಿಟ್ಟಳು. ಅಚ್ಚಿಯಮ್ಮ ಬೆಳಗಿನ ಕಾಫಿ ಹಿಡಿದು ಅಂಗಳದ ನಡುವೆ ನಿಂತು, ಕೊನೆಗೆ ತಾನೇ ಕುಡಿದಳು. ಮೂರನೆಯ ದಿನ ಬೆಳಿಗ್ಗೆ ಹಿತ್ತಿಲಿಗೆ ಹೊರಟ ಮಂಗತಾಯಾರು ಸೆರಗು ಅಡ್ಡ ಹಿಡಿಯುವುದನ್ನು ಮರೆತು ನೋಡಿದಳು. ಕೊಟ್ಟಿಗೆಯ ಬಾಗಿಲು ತೆರೆದಿತ್ತು. ಬೀಗ ಕೀಲಿ ಸಮೇತ ಚಿಲಕಕ್ಕೆ ನೇತಾಡುತ್ತಿತ್ತು. ಹಿಮಬಿಂದು ಬಾವಿಕಟ್ಟೆಯ ಮೇಲೆ ಬಟ್ಟೆ ಒಗೆಯುತ್ತ ಕೂತಿದ್ದಳು.

"ಹೋಗಿ ಅಕ್ಕಾ," ಎಂದಳು ತಲೆ ಎತ್ತದೆ. "ಎಲ್ಲ ಗೋಡೆಗೆ ಬರೆದು ಅಂಟಿಸಿದೀನಿ. ಓದಿಕೊಳ್ಳಿ. ನೀವು ಹೇಳಿದ ಮಾತು ನಿಜವಾದ್ರೂ ಆಗ್ಲಿ. ಬೀಗರ ಮುಂದೆ ನಾಚಿಕೆ ಪಡೋದು ತಪ್ಪುತ್ತೆ."

ಮಂಗತಾಯಾರು ಹೊಸ್ತಿಲ ತನಕ ನಡೆದಳು. ಒಳಗಿನಿಂದ ಬೆಲ್ಲದ ವಾಸನೆ ಬಂತು, ಅವಳದೇ ಉಗ್ರಾಣದ ಬೆಲ್ಲ. ಅದರೊಳಗೆ ಹುಳಿ ಹಿಟ್ಟಿನಂಥ ಇನ್ನೊಂದು ವಾಸನೆ. ಮೂಗು ತಾನಾಗಿ ಲೆಕ್ಕ ಹಾಕಲು ಹೊರಟಿತು: ತವುಡು ಹುರಿದದ್ದೋ ಹಸಿಯೋ? ಇನ್ನೊಂದು ಹೆಜ್ಜೆ ಇಟ್ಟರೆ ತಾನು ಸುಳ್ಳಿಯಲ್ಲ. ಕಲಿಯುವುದೇನು ಮಹಾ? ಬ್ರಹ್ಮ ಸೃಷ್ಟಿ ಮಾಡುವುದನ್ನು ಬಾಗಿಲ ಸಂದಿಯಿಂದ ನೋಡಿದ್ದರೆ ಅದನ್ನೂ ಕಲಿತಿರುತ್ತಿದ್ದಳು. ಆಮೇಲೆ ಸತ್ಯವತಿಯ ಉಯ್ಯಾಲೆಯಲ್ಲಿ ಕೂತು ಯಾವ ಅಳುಕೂ ಇಲ್ಲದೆ ತೂಗಬಹುದು.

ಆದರೆ ಆಗ "ಗೊತ್ತಿಲ್ಲ" ಎಂದು ಸಹಿ ಹಾಕುವ ಹಾಗಿಲ್ಲ. ಉಳಿದ ಅರ್ಧವೂ ಮುಳುಗುತ್ತದೆ.

ಅವಳು ಮೂಗು ಹಿಡಿದುಕೊಂಡಳು. ಕಣ್ಣು ಮುಚ್ಚಿ, ತಡಕಾಡಿ ಬಾಗಿಲೆಳೆದು ಚಿಲಕ ಹಾಕಿ, ಬೀಗ ಜಡಿದು, ಕೀಲಿ ತಂದು ಒಗೆಯುವ ಕಲ್ಲಿನ ಮೇಲೆ ಎಸೆದಳು.

"ಬಾಗಿಲು ಹಾರೊಡೆದು ಕೂರೋಕೆ ಇದೇನು ಛತ್ರವಾ? ನೋಟರಿ ಎಷ್ಟು ಗಂಟೆಗೆ ಬರ್ತಾನೆ ಕೇಳು ನಿನ್ನ ಗಂಡನ್ನ."

ಆದರೆ ಅದಕ್ಕೂ ಮೊದಲು ಅವಳು ಒಂದು ಡಬ್ಬಿ ಕಾಜಾ ಹಿಡಿದು ಬೀಗರ ಊರಿಗೆ ತಾನೇ ಹೋದಳು. ವಕೀಲೆಯ ಕಡೆಯವರು ಹೋಗಿ ಹೇಳುವುದಕ್ಕಿಂತ ತಾನೇ ಹೇಳುವುದು ಮೇಲು. ಈ ಸಲ ಉಯ್ಯಾಲೆಯಲ್ಲಿ ಕೂರಲಿಲ್ಲ.

"ಅಕ್ಕಯ್ಯಾ, ಆ ಮದ್ದು ನಾನು ಮಾಡಿದ್ದಲ್ಲ. ನನ್ನ ಓರಗಿತ್ತಿ ಮಾಡಿದ್ದು. ಅದು ಹೇಗೆ ಅಂತ ನನಗೆ ದೇವರಾಣೆ ಗೊತ್ತಿಲ್ಲ."

ಸತ್ಯವತಿ ಡಬ್ಬಿ ತೆರೆದು, ಒಂದು ಕಾಜಾ ಎತ್ತಿ, ಬೆಳಕಿಗೆ ಹಿಡಿದು ನೋಡಿದಳು.

"ಇದಾದ್ರೂ ನೀವು ಮಾಡಿದ್ದಾ?"

ಒಳಗೆ ಪಾತ್ರೆ ತೊಳೆಯುತ್ತಿದ್ದ ಪದ್ಮಿನಿಯ ಕೈಯಿಂದ ಲೋಟ ಬಿತ್ತು. ಮಂಗತಾಯಾರು ಆ ಮಾತನ್ನು ನುಂಗಿದಳು. ಮೀನಿನ ಮುಳ್ಳು ನುಂಗಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಸತ್ಯವತಿ ಕಾಜಾ ತಿಂದಳು, ಇನ್ನೊಂದು ತಿಂದಳು, ಆಮೇಲೆ ಗಂಡನನ್ನು ಕರೆದು ಊರಿನವರ ಕಾಗದಕ್ಕೆ ಸಹಿ ಮಾಡಿಸಿಕೊಟ್ಟಳು.

ಭೀಮವರದ ನೋಟರಿ ಮಂಗತಾಯಾರುವಿನ ಪತ್ರವನ್ನು ಗಟ್ಟಿಯಾಗಿ ಓದಿದ. ಮದ್ದು ಮಾಡುವ ವಿಧಾನ ತನಗೆ ಗೊತ್ತಿಲ್ಲ, ಹಿಂದೆಯೂ ಗೊತ್ತಿರಲಿಲ್ಲ, ಗೊತ್ತಿಲ್ಲದ ಕಾರಣ ಯಾರಿಗೂ ತಿಳಿಸಿಲ್ಲ.

"ಒಂದ್ಸಲ ಗೊತ್ತಿಲ್ಲ ಅಂದ್ರೆ ಸಾಲ್ದಾ? ಮೂರು ಸಲ ಬೇಕಾ?" ಎಂದು ರೇಗಿದಳು. ಆಮೇಲೆ ಮನೆತನದ ಹೆಸರು, ಗಂಡನ ಹೆಸರು, ತನ್ನ ಹೆಸರು ಎಲ್ಲ ಸೇರಿಸಿ, ನೋಟರಿಯ ಮೊಹರಿಗೂ ಜಾಗವಿಲ್ಲದಷ್ಟು ದೊಡ್ಡದಾಗಿ ಸಹಿ ಹಾಕಿದಳು.

ಮದ್ದು ಮಾಡುವ ರೀತಿಗೆ ಮಾತ್ರ ಅರ್ಜಿ ಹೋಯಿತು. ಕಂಪನಿಯವರು ಬೆಲೆ ಇಳಿಸಿದರು, ಆದರೆ ಬಾಗಿಲು ಬಿಟ್ಟು ಹೋಗಲಿಲ್ಲ. ಅಷ್ಟರಲ್ಲಿ ಗೋದಾವರಿಯ ಕೆಂಪು ಇಳಿಯುತ್ತ ಬಂತು. ಪೆದ್ದಿರಾಜು ಆ ವರ್ಷದ ಕೊನೆಯ ಪುಲಸ ತಂದ. ಗಡಿಗೆ ಏರಿತು, ಒಂದು ರಾತ್ರಿ ಕಳೆಯಿತು, ಆದಿಲಕ್ಷ್ಮಿ ಬಟ್ಟಲು ಹಿಡಿದು ಬಂದಳು.

"ಏನಮ್ಮಾ ಮಂಗತಾಯಾರು, ನಿಮ್ಮ ಹಿಮಬಿಂದು ಹೆಸರು ಚೆನ್ನೈ ಪೇಟೆಂಟ್ ಕಚೇರಿಗೆ ಹೋಯ್ತಂತೆ?"

"ನನ್ನದೂ ಹೋಗಿದೆ," ಎಂದಳು ಮಂಗತಾಯಾರು ತಡೆಯಲಾರದೆ. "ಬೇಕಾದ್ರೆ ಹೋಗಿ ನೋಡ್ಕೊಂಡು ಬಾ. ಹೆಬ್ಬೆರಳು ಗಾತ್ರ ಅಕ್ಷರ."

"ಹೌದಾ? ನಿನ್ನದು ಏನಂತ ಹೋಗಿದೆ?"

ಮಂಗತಾಯಾರು ಗಡಿಗೆಯ ಮುಚ್ಚಳ ಎತ್ತಿ ಮತ್ತೆ ಮುಚ್ಚಿದಳು. ಪೆದ್ದಿರಾಜು ತಟ್ಟೆ ನೋಡಿದ. ಸತ್ತಿರಾಜು ಕೆಮ್ಮಿದ. ಅಚ್ಚಿಯಮ್ಮನಿಗೆ ಹಲ್ಲಿಲ್ಲದ ಬಾಯಲ್ಲಿ ನಗು ತುಳುಕುತ್ತಿತ್ತು.

ಹಿಮಬಿಂದು ನೀರು ಕುಡಿದು ಲೋಟ ಇಟ್ಟಳು. "ಅಕ್ಕನ ಸಹಿ ಇಲ್ಲದಿದ್ರೆ ಆ ಅರ್ಜಿ ನಿಲ್ತಾನೇ ಇರಲಿಲ್ಲ ಆದಿಲಕ್ಷ್ಮಕ್ಕಾ. ಗುಟ್ಟು ಕಾಪಾಡಿದ್ದು ಅಕ್ಕನೇ."

ಆದಿಲಕ್ಷ್ಮಿ ಹುಬ್ಬೇರಿಸಿ ಮಂಗತಾಯಾರುವನ್ನು ಹೊಸದಾಗಿ ನೋಡಿದಳು. ಹಿಮಬಿಂದುವಿನ ಮಾತಿನಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಮಂಗತಾಯಾರುವಿನ ಹೊಟ್ಟೆ ಮಾತ್ರ ಮತ್ತೆ ಭಗ್ಗೆಂದಿತು. ಓದಿನಲ್ಲಿ ಇವಳು ಮೇಲು, ಹೋಗಲಿ. ದೊಡ್ಡತನದಲ್ಲೂ ಇವಳೇ ಮೊದಲು ಬರಬೇಕಾ?

ಅತ್ತೆ ಸೌಟು ಗಡಿಗೆಗೆ ಇಳಿಸುವಷ್ಟರಲ್ಲಿ ಮಂಗತಾಯಾರು ಅದನ್ನು ಕಿತ್ತುಕೊಂಡಳು. ತಳ ಕೆದಕಿ ತತ್ತಿಯನ್ನು ಇಡಿಯಾಗಿ, ಒಂದು ಕಾಳೂ ಒಡೆಯದ ಹಾಗೆ ಎತ್ತಿ, ಹಿಮಬಿಂದುವಿನ ತಟ್ಟೆಗೆ ಇಳಿಸಿದಳು.

"ತಿನ್ನು. ನಾನು ಕೊಡ್ತಿದ್ದೀನಿ," ಎಂದಳು ಗಟ್ಟಿಯಾಗಿ.

ಆಮೇಲೆ ಆದಿಲಕ್ಷ್ಮಿ ಅದನ್ನು ನೋಡಿದಳೋ ಇಲ್ಲವೋ ಎಂದು ತಿರುಗಿ ನೋಡಿದಳು.